ಅಡಿಕೆ, ತಾಳೆಗರಿ, ಅಪ್ಪೆಮಿಡಿ: ನಿಜವಾಗಿ ಬಲ್ಲವರು ಯಾರೆಂದು ಯಾವ ಆಧಾರಗಳಿಂದ ತೀರ್ಮಾನಿಸಬೇಕು?

ಗ್ರಂಥಾಲಯ ಕಾರ್ಯಕರ್ತ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಂಥಾಲಯಕ್ಕೆ ಬರುವವರು ಈಚೆಗೆ ಪುಸ್ತಕಕ್ಕಿಂತ ಹೆಚ್ಚಾಗಿ ಮನುಷ್ಯರನ್ನು ಕೇಳಿಕೊಂಡು ಬರುತ್ತಿದ್ದಾರೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಯಾರನ್ನು ಕೇಳಬೇಕು? ಅಟ್ಟದ ಮೇಲೆ ತಾಳೆಗರಿಯ ಕಟ್ಟು ಸಿಕ್ಕಿದೆ, ಲಿಪಿ ತಿಗಳಾರಿಯಂತೆ ಕಾಣುತ್ತದೆ, ಓದಿ ಹೇಳುವವರು ಯಾರಿದ್ದಾರೆ? ಇಂಥ ಪ್ರಶ್ನೆಗಳಿಗೆ ಉತ್ತರವಾಗಲೆಂದು ವಿಷಯವಾರು ಬಲ್ಲವರ ಪಟ್ಟಿಯೊಂದನ್ನು ಮಾಡಲು ನಾವು ನಾಲ್ಕು ಜನ ಹೊರಟೆವು.

ಮೂರು ಬಗೆಯ ಆಧಾರಗಳನ್ನು ಹಿಡಿದೆವು. ಒಂದು, ಬರವಣಿಗೆ: ಸಂಶೋಧನಾ ಪ್ರಬಂಧ, ಕೃಷಿ ಪತ್ರಿಕೆಗಳ ಲೇಖನ, ಸ್ಮರಣ ಸಂಚಿಕೆಗಳಲ್ಲಿ ಬಂದದ್ದು. ಎರಡು, ಪರರ ಮಾತು: ಯಾರು ಯಾರನ್ನು ಉಲ್ಲೇಖಿಸುತ್ತಾರೆ, ರೈತರು ಯಾರ ಮನೆಗೆ ಹೋಗುತ್ತಾರೆ ಎಂಬುದು. ಮೂರು, ಕೆಲಸದ ದಾಖಲೆ: ಎಷ್ಟು ವರ್ಷ ಏನು ಮಾಡಿದ್ದಾರೆ, ಫಲ ಏನಾಯಿತು ಎಂಬುದು. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡಿಸಿದೆವು.

ಫಲಿತಾಂಶ ನೋಡಿ ನಮಗೇ ಸಮಾಧಾನವಾಗಲಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ವಿಷಯದಲ್ಲಿ ಮೊದಲ ಸ್ಥಾನಕ್ಕೆ ಬಂದ ನಿವೃತ್ತ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದಾಗ, ತಮ್ಮ ಲೇಖನಗಳೆಲ್ಲ ಮಣ್ಣಿನ ಪೋಷಕಾಂಶಗಳ ಕುರಿತಾದವು, ಕೊಳೆರೋಗದ ಹೆಸರು ಅವುಗಳಲ್ಲಿ ಒಂದೆರಡು ಕಡೆ ಬಂದಿರಬಹುದು ಅಷ್ಟೆ ಎಂದು ಅವರೇ ಪ್ರಾಮಾಣಿಕವಾಗಿ ಹೇಳಿದರು. ಇನ್ನೊಂದೆಡೆ, ಸುತ್ತಲಿನ ಹತ್ತಾರು ತೋಟಗಳವರು ಮಳೆಗಾಲಕ್ಕೆ ಮುಂಚೆ ಹುಡುಕಿಕೊಂಡು ಹೋಗುವ ಕೊನೆಗಾರರೊಬ್ಬರ (ಮರವೇರಿ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಮತ್ತು ಔಷಧ ಸಿಂಪಡಿಸುವ ಕೆಲಸದವರು) ಹೆಸರು ಪಟ್ಟಿಯ ಕೆಳಗೆಲ್ಲೋ ಇತ್ತು. ಆಧಾರಗಳನ್ನು ಆರಿಸಿದ್ದರಲ್ಲಿ ನಾವು ತಪ್ಪಿದೆವೋ, ಕೂಡಿಸಿದ್ದರಲ್ಲಿ ತಪ್ಪಿದೆವೋ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ

ಸಾಗರದ ಮಿತ್ರರೇ, ನೀವು ಎದುರಿಸಿದ್ದು ಮಾಹಿತಿ ಶೋಧದ ಕ್ಷೇತ್ರದಲ್ಲಿ ಇಪ್ಪತ್ತು ವರ್ಷಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. ಅಮೆರಿಕದಲ್ಲಿ ನಡೆಯುವ ಟ್ರೆಕ್ ಎಂಬ ಮೌಲ್ಯಮಾಪನ ಸರಣಿಯಲ್ಲಿ 2005ರಿಂದ 2008ರವರೆಗೆ ತಜ್ಞರ ಶೋಧವನ್ನೇ ಒಂದು ಪರೀಕ್ಷೆಯಾಗಿ ಇಟ್ಟಿದ್ದರು. ಮೊದಲ ವರ್ಷ, ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯೂ ತ್ರೀ ಸಿ ಒಕ್ಕೂಟದ ಮೂರು ಲಕ್ಷಕ್ಕೂ ಮಿಕ್ಕಿದ ದಾಖಲೆಗಳನ್ನು ಕೊಟ್ಟು, 1,092 ಹೆಸರುಗಳಲ್ಲಿ ಒಂದೊಂದು ವಿಷಯಕ್ಕೆ ತಜ್ಞರು ಯಾರೆಂದು ಯಂತ್ರದಿಂದ ಕಂಡುಹಿಡಿಯಬೇಕೆಂದು ಹೇಳಿದರು. ಸರಿಯುತ್ತರ ಯಾವುದೆಂಬುದಕ್ಕೆ ಆಯಾ ವಿಷಯದ ಕಾರ್ಯತಂಡದ ಸದಸ್ಯರ ಪಟ್ಟಿಯನ್ನೇ ಆಧಾರವಾಗಿ ತೆಗೆದುಕೊಂಡರು. ತಂಡದಲ್ಲಿ ಹೆಸರಿದ್ದ ಮಾತ್ರಕ್ಕೆ ತಜ್ಞರೇ ಎಂಬ ಸಂದೇಹ ಅಲ್ಲಿಯೂ ಉಳಿಯಿತು. 2007ರಲ್ಲಿ ಆಸ್ಟ್ರೇಲಿಯದ ಸರಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ದಾಖಲೆಗಳನ್ನು ತೆಗೆದುಕೊಂಡಾಗ, ಹೊರಗಿನವರ ಪ್ರಶ್ನೆಗಳಿಗೆ ಯಾರನ್ನು ತೋರಿಸಬೇಕೆಂದು ದಿನವೂ ನಿರ್ಧರಿಸುವ ವಿಜ್ಞಾನ ಸಂವಹನಕಾರರಿಂದಲೇ ಹೆಸರುಗಳನ್ನು ಪಡೆದರು. ನಿಮ್ಮ ಗ್ರಂಥಾಲಯದ ಸ್ಥಿತಿ ಇದಕ್ಕೆ ಬಹಳ ಹತ್ತಿರದ್ದು.

ನಿಮ್ಮ ಮೊದಲ ತೊಡಕು ಸುಲಭದ್ದು. ಕೊಳೆರೋಗ ಎಂಬ ಪದವಿರುವ ಪ್ರತಿ ಲೇಖನವನ್ನೂ ಅದರ ಲೇಖಕರಿಗೆ ಬಿದ್ದ ಒಂದು ಮತವೆಂದು ಎಣಿಸಿದ್ದೀರಿ. ಲೇಖನಗಳನ್ನು ಮತಗಳೆಂದು ನೋಡುವ ಕ್ರಮ ತಪ್ಪಲ್ಲ. 2006ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು ಈ ಮತದಾನದ ಮಾದರಿಯನ್ನೇ ಮುಂದಿಟ್ಟರು. ಆದರೆ ಲೇಖನ ಆ ವಿಷಯಕ್ಕೆ ಎಷ್ಟು ಸಲ್ಲುತ್ತದೆಯೋ ಮತಕ್ಕೂ ಅಷ್ಟೇ ತೂಕ ಸಿಗಬೇಕು. ಹಾಗೆ ಮಾಡಿದರೆ ಮಣ್ಣಿನ ತಜ್ಞರು ತಾವಾಗಿಯೇ ಕೆಳಗಿಳಿದು ತಮ್ಮ ವಿಷಯದಲ್ಲಿ ಮೇಲೇರುತ್ತಾರೆ.

ಕೂಡಿಸುವ ಕ್ರಮ ಎರಡನೆಯ ತೊಡಕು. ಒಂದು ಉದಾಹರಣೆ ಮಾತ್ರವೆಂದು ಭಾವಿಸಿ: ಒಬ್ಬ ವಿದ್ವಾಂಸರಿಗೆ ಮೂರು ಆಧಾರಗಳಲ್ಲಿ 0.5, 0.3, 0.2 ಅಂಕಗಳಿವೆ, ಕೊನೆಗಾರರಿಗೆ 0, 0.6, 0.5 ಇವೆ. ಬರೀ ಕೂಡಿಸಿದರೆ ವಿದ್ವಾಂಸರಿಗೆ 1.0, ಕೊನೆಗಾರರಿಗೆ 1.1. ಆದರೆ 1994ರಲ್ಲಿ ಫಾಕ್ಸ್ ಮತ್ತು ಶಾ ಪ್ರಕಟಿಸಿದ ಹೆಸರಾಂತ ಸೂತ್ರವೊಂದಿದೆ. ಅದರ ಪ್ರಕಾರ ಮೊತ್ತವನ್ನು ಎಷ್ಟು ಆಧಾರಗಳಲ್ಲಿ ಹೆಸರು ಬಂದಿದೆಯೋ ಅಷ್ಟರಿಂದ ಗುಣಿಸಬೇಕು. ಆಗ ವಿದ್ವಾಂಸರು 3.0 ಪಡೆದು ಮುಂದಾಗುತ್ತಾರೆ, ಕೊನೆಗಾರರು 2.2ಕ್ಕೆ ನಿಲ್ಲುತ್ತಾರೆ. ಆಧಾರಗಳು ಅವೇ, ಅಂಕಗಳೂ ಅವೇ. ಕೂಡಿಸುವ ಕ್ರಮ ಬದಲಾದೊಡನೆ ಶ್ರೇಣಿ ತಿರುಗಿಬಿತ್ತು. ಹೀಗಾಗಿ ಕ್ರಮವನ್ನು ಆರಿಸುವಾಗ ಅದರ ಹಿಂದಿನ ನಂಬಿಕೆ ಏನೆಂದು ಮೊದಲು ನೋಡಿಕೊಳ್ಳಬೇಕು. ಈ ಸೂತ್ರದ ನಂಬಿಕೆ, ಹಲವು ಕಡೆ ಕಾಣಿಸಿಕೊಂಡವರೇ ಹೆಚ್ಚು ವಿಶ್ವಾಸಾರ್ಹರು ಎಂಬುದು.

ಅಡಿಕೆ ಬೆಳೆಗಾರ, ಹೊಸನಗರ

ಲೆಕ್ಕದ ಮಾತು ನನಗೆ ಅರ್ಧ ಅರ್ಥವಾಯಿತು. ನನ್ನ ಆಕ್ಷೇಪ ಅದಕ್ಕಿಂತ ಮೂಲದ್ದು. ಕೊಳೆರೋಗದ ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿಯೇ ಪ್ರಕಟಿಸಿದ್ದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅಂಥವರ ಶ್ರಮದಿಂದ. ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದವರ ಹೆಸರು ಯಾವ ಕಾಗದದಲ್ಲಿಯೂ ಇಲ್ಲ.

ಇವತ್ತಿನ ಮಾತನ್ನೇ ತೆಗೆದುಕೊಳ್ಳಿ. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣ ಎಲ್ಲ ಕರಪತ್ರಗಳಲ್ಲಿಯೂ ಇದೆ. ನಮ್ಮಲ್ಲಿಗೆ ಬರುವ ಕೊನೆಗಾರರು ಸುಣ್ಣವನ್ನು ಬೆರಳಲ್ಲಿ ತಿಕ್ಕಿ ನೋಡಿ, ಇದು ಗಾಳಿ ತಾಗಿ ಸತ್ತ ಸುಣ್ಣ, ಕಿಲೋ ಲೆಕ್ಕ ಹಿಡಿದರೆ ಸಾಲದು ಎನ್ನುತ್ತಾರೆ. ದ್ರಾವಣದಲ್ಲಿ ಉಜ್ಜಿದ ಕತ್ತಿಯನ್ನು ಅದ್ದಿ, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿಸುತ್ತಾರೆ. ಮರವೇರಿ ಕೊನೆಯ ಒಳಮೈಗೆ ಹನಿ ತಾಗುವಂತೆ ಹೊಡೆಯುವ ಕೈ ಅವರದು. ನಿಮ್ಮ ಮೊದಲ ಆಧಾರದಲ್ಲಿ ಇವರಿಗೆ ಸೊನ್ನೆ ಬಿದ್ದಿದೆ. ಬರೆಯಲು ಬಾರದವನಿಗೆ ಬರವಣಿಗೆಯಲ್ಲಿ ಸೊನ್ನೆ ಹಾಕಿ, ಆ ಸೊನ್ನೆಯನ್ನು ಉಳಿದವುಗಳ ಜೊತೆ ಕೂಡಿಸಿ ಸರಾಸರಿ ತೆಗೆಯುವುದು ನ್ಯಾಯವೇ? ಇದನ್ನು ಸಿಟ್ಟಿನಿಂದ ಕೇಳುತ್ತಿಲ್ಲ, ಆದರೆ ಉತ್ತರ ಬೇಕು.

ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ

ಹೊಸನಗರದ ಹಿರಿಯರ ಪ್ರಶ್ನೆ ನೇರವಾಗಿ ವಿಷಯದ ನಡುವಿಗೇ ಬಂದಿದೆ. ಸೊನ್ನೆ ಎಂದು ಬರೆದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಗುರುತಿನಿಂದ ಬರೆಯುತ್ತೇವೆ. ಇವರು ಬಲ್ಲವರಲ್ಲ ಎಂದು ತೋರಿಸುವ ಆಧಾರವಿದೆ ಎಂಬುದು ಒಂದು. ಈ ಮೂಲದಿಂದ ನಮಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು.

ಈ ಎರಡನ್ನು ಬೇರೆಯಾಗಿ ಇಡುವ ಗಣಿತವಿದೆ. 1967ರಲ್ಲಿ ಆರ್ಥರ್ ಡೆಂಪ್‌ಸ್ಟರ್ ಅವರು ಆರಂಭಿಸಿ 1976ರಲ್ಲಿ ಗ್ಲೆನ್ ಶೇಫರ್ ಅವರು ಪೂರ್ಣರೂಪ ಕೊಟ್ಟ ಸಾಕ್ಷ್ಯ ಸಿದ್ಧಾಂತದಲ್ಲಿ ಪ್ರತಿಯೊಂದು ಮೂಲವೂ ತನ್ನ ನಂಬಿಕೆಯನ್ನು ಮೂರು ಪಾಲು ಮಾಡಬಹುದು: ಬಲ್ಲವರು, ಬಲ್ಲವರಲ್ಲ, ಹೇಳಲಾರೆ. ಲಿಸ್ಬನ್ನಿನ ಇಬ್ಬರು ಸಂಶೋಧಕರು 2013ರಲ್ಲಿ ಗಣಕ ವಿಜ್ಞಾನದ ತಜ್ಞರನ್ನು ಗುರುತಿಸಲು ಇದೇ ಸಿದ್ಧಾಂತವನ್ನು ಬಳಸಿದರು. ಬರವಣಿಗೆಯ ಪಠ್ಯ, ಉಲ್ಲೇಖಗಳ ಜಾಲ, ವ್ಯಕ್ತಿಯ ವೃತ್ತಿವಿವರ ಎಂಬ ಮೂರು ಮೂಲಗಳು ನಿಮ್ಮವನ್ನೇ ಹೋಲುತ್ತವೆ. ಯಾವ ಮೂಲವನ್ನು ಎಷ್ಟು ನಂಬಬೇಕೆಂದು ಅಳೆಯಲು ಅವರು 1948ರ ಶ್ಯಾನನ್ ಎಂಟ್ರೊಪಿ ಎಂಬ ಅನಿಶ್ಚಯದ ಅಳತೆಯನ್ನು ಬಳಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಒಂದು ಮೂಲ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಕೊಡುತ್ತಿದ್ದರೆ ಅದು ಯಾರನ್ನೂ ಬೇರ್ಪಡಿಸಿ ತೋರಿಸುತ್ತಿಲ್ಲವಾದ್ದರಿಂದ ಅದರ ಮಾತಿಗೆ ಬೆಲೆ ಕಡಿಮೆ.

ಕೊನೆಗಾರರ ಲೆಕ್ಕವನ್ನು ಈಗ ಮಾಡೋಣ. ಅಂಕಗಳು ನಾನು ಉದಾಹರಣೆಗೆ ಇಟ್ಟವು. ಬರವಣಿಗೆಯ ಮೂಲ: ಬಲ್ಲವರು 0, ಬಲ್ಲವರಲ್ಲ 0.1, ಹೇಳಲಾರೆ 0.9. ರೈತರ ಮಾತು: ಬಲ್ಲವರು 0.6, ಹೇಳಲಾರೆ 0.4. ತೋಟದ ಫಲ: ಬಲ್ಲವರು 0.5, ಹೇಳಲಾರೆ 0.5. ಕೊನೆಯ ಎರಡನ್ನು ಮೊದಲು ಸೇರಿಸಿದರೆ ಹೇಳಲಾರೆ ಎಂಬ ಅನಿಶ್ಚಯ 0.4ರ 0.5 ಪಾಲು, ಅಂದರೆ 0.2 ಉಳಿದು, ಬಲ್ಲವರೆಂಬ ನಂಬಿಕೆ 0.8 ಆಗುತ್ತದೆ. ಬರವಣಿಗೆಯ ಮೂಲವನ್ನೂ ಸೇರಿಸಿದಾಗ 0.8ರ 0.1 ಪಾಲು, ಅಂದರೆ 0.08ರಷ್ಟು ಪಾಲಿನಲ್ಲಿ ಮೂಲಗಳು ಒಂದನ್ನೊಂದು ವಿರೋಧಿಸುತ್ತವೆ. ಅದನ್ನು ತೆಗೆದು ಉಳಿದ 0.92ರಿಂದ ಭಾಗಿಸಿದರೆ ಬಲ್ಲವರು 0.78, ಬಲ್ಲವರಲ್ಲ 0.02, ಹೇಳಲಾರೆ 0.20. ಮೊದಲಿನ ಸರಾಸರಿ ಕ್ರಮದಲ್ಲಿ ಇವರಿಗೆ ಸಿಗುತ್ತಿದ್ದದ್ದು 0.37 ಮಾತ್ರ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವಿರೋಧವನ್ನು ತೆಗೆದು ಭಾಗಿಸುವ ಈ ಹೆಜ್ಜೆಯನ್ನು ಗಣಕ ವಿಜ್ಞಾನಿ ಲತ್ಫಿ ಜಾಡೆ ಅವರು ಒಂದು ಉದಾಹರಣೆಯಿಂದ ಪ್ರಶ್ನಿಸಿದರು. ಒಬ್ಬ ವೈದ್ಯರು ರೋಗಿಗೆ ಮೆದುಳ ಪೊರೆಯ ಉರಿಯೂತವೆಂದು 0.99, ಗಡ್ಡೆಯೆಂದು 0.01 ನಂಬುತ್ತಾರೆ, ಇನ್ನೊಬ್ಬರು ತಲೆಗೆ ಬಿದ್ದ ಪೆಟ್ಟೆಂದು 0.99, ಗಡ್ಡೆಯೆಂದು 0.01 ನಂಬುತ್ತಾರೆ. ಇಬ್ಬರೂ ಒಪ್ಪಿದ್ದು ಗಡ್ಡೆಯನ್ನು ಮಾತ್ರವಾದ್ದರಿಂದ ಸೂತ್ರ ಅದನ್ನೇ ಸಂಪೂರ್ಣ ಖಚಿತವೆನ್ನುತ್ತದೆ. ಇಬ್ಬರಲ್ಲಿ ಯಾರೂ ನಿಜವಾಗಿ ನಂಬದಿದ್ದ ಮಾತು ಹೀಗೆ ನಿರ್ಣಯವಾಗಿಬಿಡುತ್ತದೆ. ವಿರೋಧದ ಪಾಲು ದೊಡ್ಡದಾಗಿದ್ದಾಗ ಲೆಕ್ಕವನ್ನು ನಿಲ್ಲಿಸಿ ಆ ವಿರೋಧ ಏಕೆ ಬಂತೆಂದು ನೋಡಬೇಕು.

ನಿವೃತ್ತ ಉಪಾಧ್ಯಾಯ, ಕೆಳದಿ

ತಂಗಿಯ ವಿವರಣೆ ಸ್ಪಷ್ಟವಾಗಿದೆ. ಆದರೆ 0.8 ಎಂಬ ಅಂಕಿಯ ಬಳಿ ನಾನು ನಿಂತೆ. ರೈತರ ಮಾತನ್ನೂ ತೋಟದ ಫಲವನ್ನೂ ಎರಡು ಸಾಕ್ಷ್ಯಗಳೆಂದು ಗುಣಿಸಿದ್ದೀರಿ. ರೈತರು ಅವರನ್ನು ಹೊಗಳುವುದು ಅದೇ ತೋಟದ ಫಲವನ್ನು ಕಂಡೇ ಅಲ್ಲವೇ? ಒಂದು ತೋಟ ಉಳಿದದ್ದನ್ನು ಹತ್ತು ಜನ ಹೇಳಿದರೆ ಅದು ಹತ್ತು ಬಾಯಿಗಳಿಂದ ಬಂದ ಒಂದೇ ಸಾಕ್ಷ್ಯ.

ಹಸ್ತಪ್ರತಿಗಳ ಕೆಲಸದಲ್ಲಿ ಇದು ನಮಗೆ ದಿನನಿತ್ಯದ ಪಾಠ. ಒಂದು ಪದ್ಯದ ಪಾಠ ಐದು ಓಲೆಗಳಲ್ಲಿ ಒಂದೇ ಬಗೆಯಾಗಿದೆಯೆಂದು ಸಂಭ್ರಮಿಸುವ ಮೊದಲು, ಆ ಐದೂ ಒಂದೇ ಮೂಲಪ್ರತಿಯಿಂದ ಇಳಿದವೋ ಎಂದು ನೋಡುತ್ತೇವೆ. ಐದೂ ಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ತಪ್ಪಿದ್ದರೆ, ಅವು ಒಂದೇ ತಾಯಿಯ ಮಕ್ಕಳು. ಅವುಗಳ ಸಾಕ್ಷ್ಯವನ್ನು ಒಂದೆಂದೇ ಎಣಿಸಬೇಕು. ಜನರ ವಿಷಯದಲ್ಲಿಯೂ ಹಾಗೆಯೇ. ಒಬ್ಬರ ಬಗ್ಗೆ ಮೂರು ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ಒಂದೇ ತಪ್ಪು ಇಸವಿ ಕಂಡರೆ ಎರಡನ್ನು ಬದಿಗಿಡಿ.

ಇನ್ನೊಂದು ಮಾತು. ಕೆಲವು ವಿದ್ಯೆಗಳಲ್ಲಿ ಸಾಕ್ಷ್ಯಗಳನ್ನು ಸುತ್ತಿಬಳಸಿ ಕೂಡಿಸುವ ಅಗತ್ಯವೇ ಇಲ್ಲ. ತಿಗಳಾರಿ ಓದುತ್ತೇನೆ ಎನ್ನುವ ಇಬ್ಬರಿಗೆ ಒಂದೇ ಓಲೆಯ ನಕಲನ್ನು ಬೇರೆಬೇರೆಯಾಗಿ ಕೊಟ್ಟು, ಬರೆದುಕೊಟ್ಟದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಿರಿಯರನ್ನು ಪರೀಕ್ಷೆ ಮಾಡುವುದು ಅಗೌರವವೆಂದು ಯಾರಾದರೂ ಹೇಳಬಹುದು. ಓಲೆಯನ್ನು ಕೈಗಿತ್ತು, ಇದನ್ನು ಓದಿಕೊಡಿ ಎಂದು ಕೇಳುವುದರಲ್ಲಿ ಅಗೌರವವೇನೂ ನನಗೆ ಕಾಣುವುದಿಲ್ಲ; ನಿಜವಾಗಿ ಬಲ್ಲವರು ಇಂಥ ವಿನಂತಿಗೆ ಸಂತೋಷಪಡುವುದನ್ನೇ ನಾನು ಕಂಡಿದ್ದೇನೆ.

ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ

ಮೇಷ್ಟ್ರೇ, ನೀವು ಹೇಳಿದ್ದು ಸರಿ, ತಪ್ಪು ನನ್ನದು. ಮೂಲಗಳನ್ನು ಸೇರಿಸಲು ನಾನು ಬಳಸಿದ ಡೆಂಪ್‌ಸ್ಟರ್ ಸೂತ್ರ ಸಲ್ಲುವುದು ಮೂಲಗಳು ಒಂದನ್ನೊಂದು ಅವಲಂಬಿಸದಿದ್ದಾಗ ಮಾತ್ರ. ಅದನ್ನು ಹೇಳದೆ ಲೆಕ್ಕ ಮಾಡಿಬಿಟ್ಟೆ. ಎರಡನ್ನೂ ಒಂದೇ ಸಾಕ್ಷ್ಯವೆಂದು ಹಿಡಿದು, ಬಲವಾದ 0.6ನ್ನು ಮಾತ್ರ ಇಟ್ಟುಕೊಂಡರೆ ಬಲ್ಲವರು 0.57, ಬಲ್ಲವರಲ್ಲ 0.04, ಹೇಳಲಾರೆ 0.38 ಎಂದು ಬರುತ್ತದೆ. ಅನಿಶ್ಚಯದ ಪಾಲು ಸುಮಾರು ಎರಡರಷ್ಟಾಯಿತು. ಈ ದೊಡ್ಡ ಅನಿಶ್ಚಯವೇ ಇನ್ನೊಂದು ತೋಟಕ್ಕೆ ಹೋಗಿ ನೋಡಬೇಕೆಂದು ಹೇಳುತ್ತಿದೆ.

ಗೃಹಿಣಿ, ರಿಪ್ಪನ್‌ಪೇಟೆ

ಇಷ್ಟು ಹೊತ್ತು ಓದುತ್ತಿದ್ದೆ. ಮೂಲಗಳ ಮಾತಾಯಿತು, ಆ ಮೂಲದ ಮಾತು ಯಾರ ಹೆಸರಿಗೆ ಸೇರುತ್ತದೆ ಎಂಬುದನ್ನೂ ದಯವಿಟ್ಟು ನೋಡಿ. ಉಪ್ಪಿನಕಾಯಿಗೆ ಹಾಕುವ ಕಂಪಿನ ಮಾವಿನಮಿಡಿ, ಅಪ್ಪೆಮಿಡಿಯ ವಿಷಯದಲ್ಲಿ ನಮ್ಮ ಕಡೆ ಯಾರನ್ನು ಕೇಳಿದರೂ ಇಂಥ ರಾಯರ ಮನೆಗೆ ಹೋಗಿ ಎನ್ನುತ್ತಾರೆ. ಪಟ್ಟಿ ಮಾಡುವವರು ರಾಯರ ಹೆಸರು ಬರೆದುಕೊಂಡು ಹೋಗುತ್ತಾರೆ. ಆ ಮನೆಯಲ್ಲಿ ಮಿಡಿಯ ತೊಟ್ಟು ಮುರಿದು ಸೊನೆಯ ವಾಸನೆಯಿಂದಲೇ ಇದು ಜೀರಿಗೆಯ ಕಂಪಿನದು, ಈ ಮರದ್ದು ಮೂರು ವರ್ಷ ಇಟ್ಟರೂ ಮೆತ್ತಗಾಗುವುದಿಲ್ಲ, ಆ ಮರದ್ದು ಮೊದಲ ಮಳೆಗಾಲಕ್ಕೇ ಹಾಳಾಗುತ್ತದೆ ಎಂದು ಹೇಳಬಲ್ಲವರು ಅವರ ತಾಯಿ ಮತ್ತು ಅತ್ತಿಗೆ. ವರ್ಷವರ್ಷವೂ ಭರಣಿಗೆ ಹಾಕಿ, ತೆರೆದು, ರುಚಿ ನೋಡಿ ಬಂದ ತಿಳಿವಳಿಕೆ ಅದು. ರೈತರ ಮಾತು ಎಂಬ ನಿಮ್ಮ ಎರಡನೆಯ ಆಧಾರವನ್ನು ಎಷ್ಟು ತೂಗಿದರೂ, ಅದು ಯಜಮಾನರ ಹೆಸರಿನ ಮೇಲೆಯೇ ಬಂದು ಕೂರುತ್ತದೆ. ಮನೆಯ ಹೆಸರು ಹೇಳಿದಾಗ, ಆ ಮನೆಯಲ್ಲಿ ಯಾರು ಎಂದು ಇನ್ನೊಂದು ಪ್ರಶ್ನೆ ಕೇಳಬೇಕು.

ಪತ್ರಿಕಾ ವರದಿಗಾರ, ತೀರ್ಥಹಳ್ಳಿ

ರಿಪ್ಪನ್‌ಪೇಟೆಯ ಅಮ್ಮನವರ ಮಾತಿಗೆ ಸೇರಿಸುವುದಾದರೆ, ಹೆಸರಿನ ಗೊಂದಲ ಬೇರೆ ಬಗೆಯಲ್ಲಿಯೂ ಬರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಒಂದೇ ಇನಿಷಿಯಲ್, ಒಂದೇ ಹೆಸರು ಇರುವ ಇಬ್ಬರು ಕೃಷಿ ಲೇಖಕರ ಬರಹಗಳನ್ನು ನಾನೇ ಒಮ್ಮೆ ಒಬ್ಬರದೆಂದು ತಿಳಿದಿದ್ದೆ. ಅದೇ ರೀತಿ ಒಬ್ಬರೇ ಕನ್ನಡದಲ್ಲಿ ಊರ ಹೆಸರು ಸೇರಿಸಿ, ಇಂಗ್ಲಿಷಿನಲ್ಲಿ ತಂದೆಯ ಹೆಸರು ಸೇರಿಸಿ ಬರೆದರೆ ಇಬ್ಬರಾಗುತ್ತಾರೆ. ಸಂಶೋಧಕರಿಗೆ ಹದಿನಾರು ಅಂಕಿಗಳ ಆರ್ಕಿಡ್ ಎಂಬ ಗುರುತು 2012ರಿಂದ ಇದೆ. ಪತ್ರಿಕೆಗಳಿಗೆ ಬರೆಯುವ ರೈತರಿಗೆ ಅಂಥದ್ದೇನೂ ಇಲ್ಲ. ಅಂಕ ಹಾಕುವ ಮೊದಲು ಹೆಸರು, ಊರು, ಕಾಲ ಈ ಮೂರನ್ನು ಹೊಂದಿಸಿ ನೋಡಿ.

ಆರೋಗ್ಯ ಕಾರ್ಯಕರ್ತೆ, ಸೊರಬ

ವಿಷಯ ಎಂಬ ಪದವನ್ನೇ ಸ್ವಲ್ಪ ಬಿಡಿಸಬೇಕೆಂದು ನನಗನ್ನಿಸುತ್ತದೆ. ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯನ್ನು ಗುರುತಿಸಿದರು. ಈ ಕಾಯಿಲೆಯ ತಜ್ಞರು ಯಾರು ಎಂದು ಕೇಳಿದರೆ ಒಂದೇ ಶ್ರೇಣಿಯಲ್ಲಿ ಉತ್ತರಿಸಲು ಆಗುವುದಿಲ್ಲ. ವೈರಾಣುವನ್ನು ಬಲ್ಲವರು ಪ್ರಯೋಗಾಲಯದಲ್ಲಿದ್ದಾರೆ. ರೋಗ ಹರಡುವ ಉಣ್ಣೆಗಳನ್ನು ಹಿಡಿದು ಜಾತಿ ಗುರುತಿಸುವವರು ಕೀಟಶಾಸ್ತ್ರಜ್ಞರು. ಜ್ವರದ ರೋಗಿಯನ್ನು ಕಂಡು ಯಾವ ದಿನ ರಕ್ತಸ್ರಾವದ ಅಪಾಯ ಹೆಚ್ಚೆಂದು ಬಲ್ಲವರು ವರ್ಷಗಟ್ಟಲೆ ಇಲ್ಲಿ ಕೆಲಸ ಮಾಡಿದ ವೈದ್ಯರು ಮತ್ತು ದಾದಿಯರು. ಕಾಡಿನ ಯಾವ ಮೂಲೆಯಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಮೊದಲು ತಿಳಿಯುವುದು ಸೊಪ್ಪು, ದರಗು (ಒಣಗಿದ ಎಲೆ) ತರಲು ಹೋಗುವವರಿಗೆ. ಆ ಸುದ್ದಿ ಬೇಗ ತಲುಪಿದರೆ ಜನರನ್ನು ಎಚ್ಚರಿಸಲು ಸಮಯ ಸಿಗುತ್ತದೆ.

ಈ ನಾಲ್ವರ ಆಧಾರಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಪ್ರಬಂಧ ಬರೆದವರೇ ಮೇಲೆ ಬರುತ್ತಾರೆ, ಮತ್ತು ಸತ್ತ ಮಂಗದ ಸುದ್ದಿ ಯಾರಿಂದ ಬರಬೇಕಿತ್ತೋ ಅವರನ್ನು ಯಾರೂ ಕೇಳುವುದಿಲ್ಲ. ಪ್ರಶ್ನೆ ಕೇಳಿಕೊಂಡು ಬಂದವರಿಗೆ ಯಾವ ತಿಳಿವಳಿಕೆ ಬೇಕಾಗಿದೆ ಎಂದು ಮೊದಲು ವಿಚಾರಿಸಿ, ಅದಕ್ಕೆ ತಕ್ಕಂತೆ ಆಧಾರಗಳ ತೂಕವನ್ನು ಬದಲಿಸಿ.

ಅಡಿಕೆ ಬೆಳೆಗಾರ, ಹೊಸನಗರ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ವಿಷಯ ಉಳಿದಿದೆ. ಕೊಳೆರೋಗ ಬಲ್ಲವರೆಲ್ಲ ಎಲೆಚುಕ್ಕಿಯನ್ನೂ ಬಲ್ಲರೆಂದು ದಯವಿಟ್ಟು ಬರೆಯಬೇಡಿ. ಎರಡೂ ಅಡಿಕೆಯ ರೋಗಗಳೇ ಆದರೂ ರೋಗಾಣು ಬೇರೆ, ನಡೆ ಬೇರೆ. ಕಳಸ, ಶೃಂಗೇರಿ, ನಮ್ಮ ಹೊಸನಗರದ ಕಡೆ ಎಲೆಚುಕ್ಕಿ ಈ ಮಟ್ಟಕ್ಕೆ ಹರಡಿದ್ದು ಈಚಿನ ವರ್ಷಗಳಲ್ಲಿ; ಅಷ್ಟು ಹೊಸ ಪಿಡುಗಿಗೆ ನಲವತ್ತು ವರ್ಷದ ಅನುಭವ ಯಾರಿಗೂ ಇರಲಾರದು. ಅಲ್ಲಿ ಸಂಶೋಧನಾ ಕೇಂದ್ರದವರ ಮಾತಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ.

ಗ್ರಂಥಾಲಯ ಕಾರ್ಯಕರ್ತ, ಸಾಗರ

ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಸಂಜೆ ನಾವು ನಾಲ್ವರು ಕುಳಿತು ಹಳೆಯ ಪಟ್ಟಿಯನ್ನು ಬದಿಗಿಟ್ಟೆವು. ಇನ್ನು ಮುಂದೆ ಪ್ರತಿ ಹೆಸರಿನ ಎದುರು ಒಟ್ಟು ಅಂಕದ ಬದಲು ಮೂರು ಪಾಲುಗಳನ್ನೂ ಬರೆಯುತ್ತೇವೆ. ಹೇಳಲಾರೆ ಎಂಬ ಪಾಲು ದೊಡ್ಡದಿದ್ದರೆ ಅದನ್ನು ಮುಚ್ಚುವುದಿಲ್ಲ. ಪ್ರತಿ ಶಿಫಾರಸಿನ ಜೊತೆ, ಇದು ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಯ ಉತ್ತರವನ್ನೂ ದಾಖಲಿಸುತ್ತೇವೆ. ಇಬ್ಬರ ಉತ್ತರ ಒಂದೇ ತೋಟಕ್ಕೆ ಹೋಗಿ ಮುಟ್ಟಿದರೆ ಒಂದೆಂದೇ ಎಣಿಸುತ್ತೇವೆ. ಕೊಳೆರೋಗ, ಎಲೆಚುಕ್ಕಿ ಬೇರೆಬೇರೆ ಹಾಳೆಗಳಲ್ಲಿರುತ್ತವೆ. ಅಪ್ಪೆಮಿಡಿಯ ಹಾಳೆಯಲ್ಲಿದ್ದ ಆರು ಯಜಮಾನರ ಹೆಸರುಗಳ ಎದುರು ಈಗ ಪ್ರಶ್ನೆಯ ಗುರುತು ಹಾಕಿದ್ದೇವೆ, ಆ ಮನೆಗಳಿಗೆ ಇನ್ನೊಮ್ಮೆ ಹೋಗಬೇಕು.

2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳಲ್ಲಿ ತಯಾರಾಗುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸ್ಥಳೀಯ ನಾಟಿವೈದ್ಯರ ವಿವರಗಳಿಗೂ ಜಾಗವಿದೆಯಾದ್ದರಿಂದ ಅದನ್ನು ನಾಲ್ಕನೆಯ ಮೂಲವಾಗಿ ಸೇರಿಸಬೇಕೆಂದು ನಮ್ಮಲ್ಲೊಬ್ಬರು ಹೇಳಿದರು. ಸೇರಿಸುತ್ತೇವೆ, ಆದರೆ ಆ ವಿವರವನ್ನು ಕೊಟ್ಟವರು ಯಾರೆಂದು ನೋಡಿಕೊಂಡು.

ಮುಂಗಾರಿಗೆ ಮುಂಚಿನ ಮೊದಲ ಸಿಂಪರಣೆಯ ಕೆಲಸದಲ್ಲಿ ಈಗ ಕೊನೆಗಾರರು ಯಾರೂ ಕೈಗೆ ಸಿಗುವುದಿಲ್ಲ. ಅದು ಮುಗಿದು ಎರಡನೆಯ ಸಿಂಪರಣೆಗೆ ಮುನ್ನ ಸಿಗುವ ನಲವತ್ತು ದಿನಗಳಲ್ಲಿ ಹೊಸನಗರದ ಬೆಳೆಗಾರರ ಜೊತೆ ಹೋಗಿ ಆ ಕೊನೆಗಾರರನ್ನು ಕಾಣುತ್ತೇನೆ. ಅವರು ಸಿಂಪರಣೆ ಮಾಡಿದ, ಆದರೆ ಯಾರೂ ಮಾತಾಡಿಕೊಳ್ಳದ ಎರಡು ತೋಟಗಳನ್ನು ನೋಡುವುದು ಮೊದಲ ಕೆಲಸ. ಪಟ್ಟಿಯಲ್ಲಿ ಹೆಸರು ಬರೆಯಬಹುದೇ ಎಂದು ಅವರನ್ನೇ ಕೇಳುವುದು ಎರಡನೆಯದು. ಬೇಡವೆಂದರೆ ಬರೆಯುವುದಿಲ್ಲ.